ಸರ್ವೆಯ ಕಚ್ಚಾ ಫೈಲ್: ನೋಡುವುದು, ಪ್ರಿಂಟ್ ತೆಗೆಯುವುದು, ಬ್ಯಾಕಪ್ ಇಡುವುದು

ನಕ್ಷೆ ಕೈಗೆ ಬಂದ ಮೇಲೆ ಕಚ್ಚಾ ಫೈಲ್ (ಸ್ಥಳದಲ್ಲಿ ಉಪಕರಣ ದಾಖಲಿಸಿದ ಅಳತೆಗಳ ಮೂಲ ಫೈಲ್) ಬಗ್ಗೆ ಯಾರೂ ಕೇಳುವುದಿಲ್ಲ. ಎಷ್ಟೋ ದಿನ ಬಿಟ್ಟು ಗಡಿಯ ತಕರಾರು ಎದ್ದಾಗ, ಅಥವಾ ಒಂದು ಕಡೆ ಮಟ್ಟ ಅರ್ಧ ಮೀಟರ್ ಹೆಚ್ಚಾಗಿ ಕಂಡಾಗ, ಮೊದಲು ಹುಡುಕುವುದೇ ಅದನ್ನು. ಆಗ ಫೈಲ್ ಸಿಗಬೇಕು, ತೆರೆದುಕೊಳ್ಳಬೇಕು, ಓದಿದರೆ ಅರ್ಥ ಆಗಬೇಕು. ಅದರಲ್ಲಿ ಯಾರೂ ಕೈಯಾಡಿಸಿಲ್ಲ ಎಂದು ತೋರಿಸುವುದಕ್ಕೂ ಆಗಬೇಕು. ಇಷ್ಟೂ ಆಗಬೇಕಾದರೆ ಕೆಲಸ ಸರ್ವೆ ಮಾಡಿದ ದಿನವೇ ಶುರುವಾಗಬೇಕು.

ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಉಪಕರಣ), ಜಿಎನ್‌ಎಸ್‌ಎಸ್ ರಿಸೀವರ್ (ಜಿಪಿಎಸ್ ಥರದ ಉಪಗ್ರಹಗಳಿಂದ ಸ್ಥಾನ ಹಿಡಿಯುವುದು), ಡೇಟಾ ಕಲೆಕ್ಟರ್ (ಅಳತೆ ದಾಖಲಿಸುವ ಕೈ ಸಾಧನ) ಯಾವುದೇ ಕಂಪನಿಯದಾಗಿರಲಿ, ಒಂದು ಮಾತು ಎಲ್ಲಕ್ಕೂ ಅನ್ವಯಿಸುತ್ತದೆ. ನೋಡುವುದು ನಕಲನ್ನು. ಪ್ರಿಂಟ್ ತೆಗೆಯುವುದು ನಕಲಿನಿಂದ. ಬ್ಯಾಕಪ್ ಇಡುವುದು ಮಾತ್ರ ಮೂಲವನ್ನು. ಮುಂದಿನ ಹಂತಗಳೆಲ್ಲ ಇದೇ ಕ್ರಮದಲ್ಲಿ ಇವೆ.

ಕಚ್ಚಾ ಫೈಲ್ ಯಾಕೆ ಬೇಕು, ಬಿಂದುಗಳ ಪಟ್ಟಿ ಸಾಲದೇ?

ಸಾಲದು. ಬಿಂದುಗಳ ಪಟ್ಟಿಯಲ್ಲಿ ಉತ್ತರ, ಪೂರ್ವ, ಮಟ್ಟ, ಒಂದು ಕೋಡ್ ಇರುತ್ತವೆ. ಅದು ಲೆಕ್ಕದ ಉತ್ತರ. ಲೆಕ್ಕಕ್ಕೆ ಬೇಕಾದ ಅಳತೆಗಳೆಲ್ಲ ಕಚ್ಚಾ ಫೈಲ್‌ನಲ್ಲಿ ಇರುತ್ತವೆ: ಯಾವ ಬಿಂದುವಿನ ಮೇಲೆ ಉಪಕರಣ ಇಟ್ಟರು, ಯಾವುದಕ್ಕೆ ಬ್ಯಾಕ್‌ಸೈಟ್ ಹಿಡಿದರು (ದಿಕ್ಕು ಹೊಂದಿಸಲು ನೋಡಿದ ಗೊತ್ತಿರುವ ಬಿಂದು), ಸಮತಲ ಕೋನ, ಜೆನಿತ್ ಕೋನ (ನೆತ್ತಿಯ ನೇರದಿಂದ ಕೆಳಕ್ಕೆ ಅಳೆದ ಕೋನ), ಇಳಿಜಾರು ದೂರ, ಉಪಕರಣದ ಎತ್ತರ, ಪ್ರಿಸಂ ರಾಡ್‌ನ (ಅಳೆಯುವ ಬಿಂದುವಿನ ಮೇಲೆ ಹಿಡಿಯುವ ಪ್ರತಿಫಲಕದ ಕೋಲು) ಎತ್ತರ, ಸಮಯ.

ಒಂದು ಉದಾಹರಣೆ ನೋಡಿ. ಸ್ಟೇಷನ್ ಮಟ್ಟ 100.000 ಮೀಟರ್. ಉಪಕರಣದ ಎತ್ತರ 1.550. ಇಳಿಜಾರು ದೂರ 80.000. ಜೆನಿತ್ ಕೋನ 88°30'00". ರಾಡ್ ಎತ್ತರ 2.000 ಎಂದು ದಾಖಲಾಗಿದೆ. ದೂರವನ್ನು ಜೆನಿತ್ ಕೋನದ ಕೊಸೈನ್‌ನಿಂದ ಗುಣಿಸಿದರೆ 2.094 ಬರುತ್ತದೆ. ಹಾಗಾಗಿ ಬಿಂದುವಿನ ಮಟ್ಟ 100.000 + 1.550 + 2.094 − 2.000, ಅಂದರೆ 101.644 ಮೀಟರ್. ಈಗ ಫೀಲ್ಡ್ ಬುಕ್ (ಸ್ಥಳದಲ್ಲಿ ಕೈಯಿಂದ ಬರೆಯುವ ಪುಸ್ತಕ) ನೋಡಿದರೆ ಆ ಹೊತ್ತಿಗೆ ರಾಡ್ ಅನ್ನು 1.500ಕ್ಕೆ ಇಳಿಸಿದ್ದರು ಅಂತ ಗೊತ್ತಾಯಿತು ಅನ್ನಿ. ಕಚ್ಚಾ ಫೈಲ್ ಇದ್ದರೆ ಮಟ್ಟ 102.144 ಎಂದು ಎರಡು ನಿಮಿಷದಲ್ಲಿ ತಿದ್ದಬಹುದು. ಯಾವ ಬಿಂದುವಿನಿಂದ ಯಾವ ಬಿಂದುವಿನವರೆಗೆ ಈ ತಪ್ಪು ನಡೆದಿದೆ ಅನ್ನುವುದೂ ಕಾಣುತ್ತದೆ. ಬರೀ ಪಟ್ಟಿ ಇದ್ದರೆ 101.644 ಅನ್ನುವ ಸಂಖ್ಯೆ ತುಂಬಾ ಸರಿಯಾಗೇ ಕಾಣುತ್ತದೆ. ಅನುಮಾನ ಬಂದರೂ ಬಿಡಿಸಲು ದಾರಿ ಇಲ್ಲ. ಮತ್ತೆ ಸ್ಥಳಕ್ಕೇ ಹೋಗಬೇಕು.

ಹಂತ 1: ಮೊದಲು ನಕಲು, ಆಮೇಲೆ ಉಳಿದದ್ದು

ಕಲೆಕ್ಟರ್ ಅಥವಾ ಉಪಕರಣದಿಂದ ಫೈಲ್ ಇಳಿಸುವಾಗ ಒಂದೇ ಫೈಲ್ ಆರಿಸಿ ತರಬೇಡಿ. ಇಡೀ ಜಾಬ್ ಫೋಲ್ಡರ್ ತನ್ನಿ. ಲೈಕಾ ಉಪಕರಣಗಳ ಡಿಬಿಎಕ್ಸ್ ಅಂದರೆ ಒಂದು ಫೈಲ್ ಅಲ್ಲ, ಹಲವು ಫೈಲ್‌ಗಳ ಗುಂಪು. ಒಂದು ಬಿಟ್ಟುಹೋದರೂ ಜಾಬ್ ತೆರೆಯದೇ ಹೋಗಬಹುದು. ಟ್ರಿಂಬಲ್‌ನಲ್ಲಿ ಜಾಬ್ ಫೈಲ್ ಜೊತೆಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತದೆ. ಫೋಟೊಗಳು, ಜಿಎನ್‌ಎಸ್‌ಎಸ್ ದಾಖಲೆಗಳು ಅಲ್ಲಿರುತ್ತವೆ. ಕಾರ್ಲ್ಸನ್‌ನಲ್ಲಿ ಆರ್‌ಡಬ್ಲ್ಯೂ5 ಕಚ್ಚಾ ಫೈಲ್, ಬಿಂದುಗಳ ಫೈಲ್, ಸ್ಥಳೀಯ ಹೊಂದಾಣಿಕೆಯ ಫೈಲ್ (ಉಪಗ್ರಹದ ಸ್ಥಾನವನ್ನು ಸ್ಥಳೀಯ ನಿರ್ದೇಶಾಂಕಕ್ಕೆ ಕೂರಿಸುವುದು) ಎಲ್ಲ ಬೇರೆ ಬೇರೆ. ಯಾವುದು ಬೇಕು, ಯಾವುದು ಬೇಡ ಅಂತ ಯೋಚಿಸುತ್ತಾ ಕೂರುವುದಕ್ಕಿಂತ ಎಲ್ಲವನ್ನೂ ತರುವುದು ಸುಲಭ. ಈ ಫೈಲ್‌ಗಳು ಸಾಮಾನ್ಯವಾಗಿ ಚಿಕ್ಕವು, ಜಾಗದ ಚಿಂತೆ ಬೇಡ.

ಹಳೆಯ ಕಲೆಕ್ಟರ್ ಇನ್ನೂ ಬಳಸುವವರಿಗೆ ಒಂದು ಎಚ್ಚರಿಕೆ. 2005ರಲ್ಲಿ ವಿಂಡೋಸ್ ಮೊಬೈಲ್ 5.0 ಬರುವ ಮುಂಚಿನ ಪಾಕೆಟ್ ಪಿಸಿ ಮಾದರಿಯ ಸಾಧನಗಳು ಡೇಟಾವನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತಿದ್ದವು. ಬ್ಯಾಟರಿ ಪೂರ್ತಿ ಖಾಲಿಯಾದರೆ ಡೇಟಾನೂ ಹೋಯಿತು. ಅಂಥ ಸಾಧನ ಕಪಾಟಿನಲ್ಲಿದ್ದರೆ ಮೊದಲು ಚಾರ್ಜ್‌ಗೆ ಹಾಕಿ. ಉಳಿದ ಓದು ಆಮೇಲೆ.

ಫೈಲ್ ಕಂಪ್ಯೂಟರ್‌ಗೆ ಬಂದ ಕೂಡಲೇ ಮೂರು ಕೆಲಸ ಮಾಡಿ.

1. 'ಮೂಲ' ಅಂತ ಒಂದು ಫೋಲ್ಡರ್, 'ಕೆಲಸ' ಅಂತ ಇನ್ನೊಂದು. ಎರಡಕ್ಕೂ ನಕಲು ಹಾಕಿ. ಮೂಲ ಫೋಲ್ಡರ್‌ನ ಎಲ್ಲ ಫೈಲ್‌ಗಳಿಗೆ ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಗುರುತು ಹಾಕಿ.

2. ಮೂಲ ಫೈಲ್‌ಗಳ ಹ್ಯಾಶ್ ತೆಗೆಯಿರಿ, ಅಂದರೆ ಫೈಲ್‌ನ ಬೆರಳಚ್ಚಿನಂಥ ಗುರುತು. ಎಸ್‌ಎಚ್‌ಎ-256 ಸಾಕು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಅನ್ನುವ ಆಜ್ಞೆ ಇದಕ್ಕೇ ಇದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲೂ ಇಂಥ ಆಜ್ಞೆ ಮೊದಲೇ ಇರುತ್ತದೆ. 64 ಅಕ್ಷರಗಳ ಒಂದು ಸಾಲು ಸಿಗುತ್ತದೆ. ಫೈಲ್‌ನಲ್ಲಿ ಒಂದು ಖಾಲಿ ಜಾಗ ಹೆಚ್ಚಾದರೂ ಈ ಸಾಲು ಪೂರ್ತಿ ಬದಲಾಗುತ್ತದೆ. ಅದನ್ನು ಒಂದು ಸಣ್ಣ ಟೆಕ್ಸ್ಟ್ ಫೈಲ್‌ನಲ್ಲಿ ಇಡಿ, ಫೀಲ್ಡ್ ಬುಕ್‌ನಲ್ಲಿ ಮೊದಲ ಎಂಟು ಮತ್ತು ಕೊನೆಯ ಎಂಟು ಅಕ್ಷರ ಬರೆದುಕೊಳ್ಳಿ.

3. ಫೋಲ್ಡರ್‌ಗೆ ಸರಿಯಾದ ಹೆಸರು ಕೊಡಿ. 2024-03-15 ಅನ್ನುವಂತೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೋಲ್ಡರ್‌ಗಳು ತಾವೇ ದಿನದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಆಮೇಲೆ ಜಾಬ್ ಸಂಖ್ಯೆ, ಉಪಕರಣದ ಗುರುತು. ಕಚ್ಚಾ ಫೈಲ್‌ನ ಹೆಸರನ್ನು ಮಾತ್ರ ಬದಲಾಯಿಸಬೇಡಿ. ಎಷ್ಟೋ ಸಲ ಫೈಲ್‌ನ ಒಳಗಿನ ಮೊದಲ ಸಾಲಿನಲ್ಲೂ ಅದೇ ಹೆಸರು ಇರುತ್ತದೆ. ಎರಡೂ ಬೇರೆಯಾದರೆ ನಾಳೆ ವಿವರಣೆ ಕೊಡುತ್ತಾ ಕೂರಬೇಕು. ಫೋಲ್ಡರ್ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಲ್ಲಿ ಇಡುವುದು ಒಳ್ಳೆಯದು. ಕನ್ನಡದಲ್ಲಿ ಇಡುವ ಆಸೆ ಸರಿಯೇ, ಆದರೆ ಹಳೆಯ ಸರ್ವೆ ಸಾಫ್ಟ್‌ವೇರ್‌ಗಳು ಅದನ್ನು ಕಂಡರೆ ಮುಖ ತಿರುಗಿಸುತ್ತವೆ.

ಹಂತ 2: ಫೈಲ್ ಯಾವ ಜಾತಿಯದು ಅಂತ ತಿಳಿಯುವುದು

ಕೆಲಸದ ನಕಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಥರದ ಸಾದಾ ಎಡಿಟರ್‌ನಲ್ಲಿ ತೆರೆಯಿರಿ. ಓದಬಹುದಾದ ಸಾಲುಗಳು ಕಂಡರೆ ಅದು ಟೆಕ್ಸ್ಟ್ ಫೈಲ್. ಅರ್ಥವಿಲ್ಲದ ಚಿಹ್ನೆಗಳು ತುಂಬಿದ್ದರೆ ಬೈನರಿ. ಬೈನರಿ ಕಂಡ ತಕ್ಷಣ ಸೇವ್ ಮಾಡದೆ ಮುಚ್ಚಿಬಿಡಿ. ಸೇವ್ ಒತ್ತಿದರೆ ಆ ನಕಲು ಕೆಡುವ ಸಾಧ್ಯತೆ ಜಾಸ್ತಿ.

ಟೆಕ್ಸ್ಟ್ ಜಾತಿಯಲ್ಲಿ ಹೆಚ್ಚಾಗಿ ಸಿಗುವುದು ಇವು: ಕಾರ್ಲ್ಸನ್‌ನ ಆರ್‌ಡಬ್ಲ್ಯೂ5, ಲೈಕಾದ ಜಿಎಸ್‌ಐ, ಸೊಕ್ಕಿಯಾದ ಎಸ್‌ಡಿಆರ್, ಟ್ರಿಂಬಲ್‌ನ ಜೆಎಕ್ಸ್‌ಎಲ್, ಜಿಎನ್‌ಎಸ್‌ಎಸ್‌ನ ರೈನೆಕ್ಸ್. ಬೈನರಿಯಲ್ಲಿ ಟ್ರಿಂಬಲ್‌ನ ಜಾಬ್ ಫೈಲ್ ಮತ್ತು ಟಿ02, ಲೈಕಾದ ಡಿಬಿಎಕ್ಸ್, ಯು-ಬ್ಲಾಕ್ಸ್‌ನ ಯುಬಿಎಕ್ಸ್. ಇವನ್ನು ನೋಡಲು ಆಯಾ ಕಂಪನಿಯ ಸಾಫ್ಟ್‌ವೇರ್ ಬೇಕು. ಜಿಎನ್‌ಎಸ್‌ಎಸ್ ಬೈನರಿಯಲ್ಲಿ ಹಲವನ್ನು ಆರ್‌ಟಿಕೆಲಿಬ್ ಅನ್ನುವ ಉಚಿತ ಸಾಫ್ಟ್‌ವೇರ್ ರೈನೆಕ್ಸ್‌ಗೆ ಬದಲಾಯಿಸಿಕೊಡುತ್ತದೆ.

ಎಕ್ಸೆಲ್ ಬಗ್ಗೆ ಒಂದು ಮಾತು. ಆರ್‌ಡಬ್ಲ್ಯೂ5ನಲ್ಲಿ ಅಲ್ಪವಿರಾಮಗಳು ಇವೆ, ಎಕ್ಸೆಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಅನಿಸುತ್ತದೆ. ನಾನಂತೂ ಕಚ್ಚಾ ಫೈಲ್ ಅನ್ನು ಎಕ್ಸೆಲ್ ಹತ್ತಿರ ಬಿಡುವುದಿಲ್ಲ. 0012 ಅನ್ನುವ ಬಿಂದು ಸಂಖ್ಯೆ 12 ಆಗುತ್ತದೆ. 3-4 ಅನ್ನುವುದು ತಾರೀಖು ಆಗಿಬಿಡುತ್ತದೆ. 45.3020ರ ಕೊನೆಯ ಸೊನ್ನೆ ಮಾಯವಾಗುತ್ತದೆ. ಕೋನದಲ್ಲಿ ಆ ಸೊನ್ನೆಗೆ ಎಷ್ಟು ಬೆಲೆ ಅಂತ ಮುಂದೆ ಗೊತ್ತಾಗುತ್ತದೆ. ಮುಚ್ಚುವಾಗ 'ಸೇವ್ ಮಾಡಲೇ?' ಅಂತ ಕೇಳಿದ್ದಕ್ಕೆ ಸುಮ್ನೆ ಹೌದು ಅಂದರೆ ಇಷ್ಟೂ ಬದಲಾವಣೆ ಫೈಲ್‌ಗೆ ಇಳಿಯುತ್ತದೆ. ಎಕ್ಸೆಲ್ ಬೇಕೇ ಬೇಕು ಅಂದರೆ ಫೈಲ್ ತೆರೆಯುವ ಬದಲು ಡೇಟಾ ಆಮದು ಮಾಡಿ, ಪ್ರತಿ ಕಾಲಂ ಅನ್ನೂ ಟೆಕ್ಸ್ಟ್ ಅಂತ ಆರಿಸಿ.

ಹಂತ 3: ಸಾಲು ಓದುವುದನ್ನು ಕಲಿಯಿರಿ

ಆರ್‌ಡಬ್ಲ್ಯೂ5 ಎಲ್ಲಕ್ಕಿಂತ ಸುಲಭ, ಅಲ್ಲಿಂದಲೇ ಶುರು ಮಾಡೋಣ. ಪ್ರತಿ ಸಾಲೂ ಎರಡು ಅಥವಾ ಮೂರು ಅಕ್ಷರಗಳ ಗುರುತಿನಿಂದ ಆರಂಭವಾಗುತ್ತದೆ. ಜೆಬಿ ಅಂದರೆ ಜಾಬ್‌ನ ಹೆಸರು, ದಿನ, ಸಮಯ. ಎಂಒ ಅಂದರೆ ಸೆಟ್ಟಿಂಗ್‌ಗಳು. ಒಸಿ ಉಪಕರಣ ಇಟ್ಟ ಬಿಂದು. ಬಿಕೆ ಬ್ಯಾಕ್‌ಸೈಟ್. ಎಲ್‌ಎಸ್ ಉಪಕರಣ ಮತ್ತು ರಾಡ್‌ನ ಎತ್ತರ. ಎಸ್‌ಎಸ್ ಸೈಡ್‌ಶಾಟ್ (ಪಕ್ಕದ ವಿವರ ಬಿಂದುವಿನ ಅಳತೆ), ಟಿಆರ್ ಟ್ರಾವರ್ಸ್ (ಉಪಕರಣ ಮುಂದೆ ಇಡುವ ಬಿಂದುವಿನ ಅಳತೆ). ಎರಡು ಅಡ್ಡಗೆರೆಯಿಂದ ಆರಂಭವಾಗುವ ಸಾಲು ಟಿಪ್ಪಣಿ. ಟಿಪ್ಪಣಿಯನ್ನು ಹಾರಿಸಿ ಓದಬೇಡಿ. ಜಿಎನ್‌ಎಸ್‌ಎಸ್ ಅಳತೆಯ ನಿಖರತೆ, ಉಪಗ್ರಹಗಳ ಸಂಖ್ಯೆ, ಫಿಕ್ಸ್ಡ್ (ನಿಖರ ಪರಿಹಾರ) ಇತ್ತೋ ಫ್ಲೋಟ್ (ಇನ್ನೂ ಗಟ್ಟಿಯಾಗದ ಪರಿಹಾರ) ಇತ್ತೋ ಅನ್ನುವುದೆಲ್ಲ ಹೆಚ್ಚಾಗಿ ಅಲ್ಲೇ ಇರುತ್ತದೆ.

ಒಂದು ಎಸ್‌ಎಸ್ ಸಾಲಿನಲ್ಲಿ ಒಪಿ1, ಎಫ್‌ಪಿ3, ಎಆರ್90.3333, ಜೆಡ್‌ಇ89.5910, ಎಸ್‌ಡಿ25.550 ಅಂತ ಇದೆ ಅನ್ನಿ. ಬಿಂದು 1ರಲ್ಲಿ ನಿಂತು ಬಿಂದು 3 ನೋಡಿದ್ದಾರೆ. ಬ್ಯಾಕ್‌ಸೈಟ್‌ನಿಂದ ಬಲಕ್ಕೆ ಕೋನ, ಜೆನಿತ್ ಕೋನ, ಇಳಿಜಾರು ದೂರ ಕ್ರಮವಾಗಿ ಬಂದಿವೆ. ಇಲ್ಲಿ 90.3333 ಅಂದರೆ ದಶಮಾಂಶ ಡಿಗ್ರಿ ಅಲ್ಲ. ಚುಕ್ಕಿಯ ನಂತರದ ಮೊದಲ ಎರಡು ಅಂಕಿ ಮಿನಿಟು, ಮುಂದಿನ ಎರಡು ಸೆಕೆಂಡು. ಅಂದರೆ 90°33'33". ಇದನ್ನು ದಶಮಾಂಶ ಅಂದುಕೊಂಡರೆ 90°20' ಆಗುತ್ತದೆ. ಸುಮಾರು 13 ಮಿನಿಟು 33 ಸೆಕೆಂಡು ವ್ಯತ್ಯಾಸ. 100 ಮೀಟರ್ ದೂರದಲ್ಲಿ ಬಿಂದು 39 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ನಕ್ಷೆಯಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ, ಜಮೀನಿನ ಗಡಿಯಲ್ಲಿ ಜಗಳಕ್ಕೆ ಧಾರಾಳ ಸಾಕು.

ಎಲ್ಲ ಫೈಲ್‌ಗಳೂ ಹೀಗಲ್ಲ. ಸೊಕ್ಕಿಯಾದ ಎಸ್‌ಡಿಆರ್33ರಲ್ಲಿ ಕೋನ ದಶಮಾಂಶ ಡಿಗ್ರಿಯಲ್ಲೇ ಇರುತ್ತದೆ. ಫೈಲ್ ಯಾವ ಪದ್ಧತಿಯಲ್ಲಿದೆ ಅಂತ ಅನುಮಾನ ಬಂದರೆ ಒಂದು ಸರಳ ಪರೀಕ್ಷೆ ಇದೆ. ಡಿಗ್ರಿ-ಮಿನಿಟು-ಸೆಕೆಂಡು ಪದ್ಧತಿಯಲ್ಲಿ ಚುಕ್ಕಿಯ ನಂತರದ ಮೊದಲ ಜೋಡಿ, ಎರಡನೇ ಜೋಡಿ ಎರಡೂ 59 ದಾಟುವುದಿಲ್ಲ. ಇಪ್ಪತ್ತು ಮೂವತ್ತು ಸಾಲು ಕಣ್ಣಾಡಿಸಿ. ಎಲ್ಲಾದರೂ 90.7245 ಥರದ್ದು ಕಂಡರೆ ಅದು ದಶಮಾಂಶ.

ಜಿಎಸ್‌ಐ ಮೊದಲ ನೋಟಕ್ಕೆ ಬರೀ ಅಂಕಿಗಳ ಗುಡ್ಡೆ. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ಕ್ರಮ ಇದೆ. ಪ್ರತಿ ತುಂಡಿನ ಮೊದಲ ಎರಡು ಅಂಕಿ ಅದು ಏನು ಅಂತ ಹೇಳುತ್ತವೆ. 11 ಬಿಂದು ಸಂಖ್ಯೆ, 21 ಸಮತಲ ಕೋನ, 22 ಲಂಬ ಕೋನ, 31 ಇಳಿಜಾರು ದೂರ, 81 ಪೂರ್ವ, 82 ಉತ್ತರ, 83 ಮಟ್ಟ, 87 ಪ್ರಿಸಂ ಎತ್ತರ, 88 ಉಪಕರಣದ ಎತ್ತರ. ಆರನೇ ಸ್ಥಾನದ ಅಂಕಿ ಅಳತೆಯ ಮಾನ ಹೇಳುತ್ತದೆ. ಅಲ್ಲಿ 0 ಇದ್ದರೆ ಮೀಟರ್, ಕೊನೆಯ ಅಂಕಿ ಮಿಲಿಮೀಟರ್. 1 ಇದ್ದರೆ ಅಡಿ. ಕೋನಗಳಿಗೆ 2 ಇದ್ದರೆ ಗಾನ್ (ಪೂರ್ತಿ ಸುತ್ತಿಗೆ 400), 3 ದಶಮಾಂಶ ಡಿಗ್ರಿ, 4 ಡಿಗ್ರಿ-ಮಿನಿಟು-ಸೆಕೆಂಡು. ಹಾಗಾಗಿ 31..00+00080000 ಅಂದರೆ 80.000 ಮೀಟರ್. ಸಾಲಿನ ಮೊದಲು ನಕ್ಷತ್ರ ಚಿಹ್ನೆ ಇದ್ದರೆ ಅದು 16 ಅಂಕಿಗಳ ಜಿಎಸ್‌ಐ, ಇಲ್ಲದಿದ್ದರೆ 8 ಅಂಕಿಗಳದು.

ಜೆಎಕ್ಸ್‌ಎಲ್ ಎಕ್ಸ್‌ಎಂಎಲ್ ಫೈಲ್. ಯಾವ ಬ್ರೌಸರ್‌ನಲ್ಲಾದರೂ ತೆರೆಯಬಹುದು, ಹೆಸರುಗಳು ತಾವೇ ಅರ್ಥವಾಗುತ್ತವೆ.

ಹಂತ 4: ನೋಡುವಾಗ ಏನನ್ನು ಹುಡುಕಬೇಕು

ಇಡೀ ಫೈಲ್ ಅನ್ನು ಕಥೆ ಓದಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ. ನಾಲ್ಕು ಜಾಗ ನೋಡಿದರೆ ಹೆಚ್ಚಿನ ತಪ್ಪು ಸಿಕ್ಕಿಬೀಳುತ್ತವೆ.

ಮೊದಲು ಮಾನ. ಆರ್‌ಡಬ್ಲ್ಯೂ5ನ ಎಂಒ ಸಾಲಿನಲ್ಲಿ ಯುಎನ್0 ಇದ್ದರೆ ಅಡಿ, ಯುಎನ್1 ಇದ್ದರೆ ಮೀಟರ್, ಯುಎನ್2 ಇದ್ದರೆ ಯುಎಸ್ ಸರ್ವೆ ಅಡಿ. ಅಡಿಯಲ್ಲಿ ಎರಡು ಬಗೆ ಇರುವುದೇ ದೊಡ್ಡ ತಲೆನೋವು. ಅಂತರರಾಷ್ಟ್ರೀಯ ಅಡಿ ಅಂದರೆ ಸರಿಯಾಗಿ 0.3048 ಮೀಟರ್. ಯುಎಸ್ ಸರ್ವೆ ಅಡಿ ಅಂದರೆ 1200ನ್ನು 3937ರಿಂದ ಭಾಗಿಸಿದಷ್ಟು ಮೀಟರ್. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಭಾಗ ಮಾತ್ರ. ಒಂದು ನಿವೇಶನದ ಉದ್ದದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಪೂರ್ವ ನಿರ್ದೇಶಾಂಕ 20 ಲಕ್ಷ ಅಡಿ ಇದ್ದರೆ ಬಿಂದು 4 ಅಡಿ ಸರಿಯುತ್ತದೆ. ಅಮೆರಿಕದಲ್ಲಿ 2022ರ ಕೊನೆಗೆ ಸರ್ವೆ ಅಡಿಯನ್ನು ಬಳಕೆಯಿಂದ ತೆಗೆದರು. ಹಳೆಯ ಫೈಲ್‌ಗಳಲ್ಲಿ ಅದು ಇನ್ನೂ ಇದ್ದೇ ಇರುತ್ತದೆ.

ಎರಡನೆಯದು ಬ್ಯಾಕ್‌ಸೈಟ್. ಎರಡು ಗೊತ್ತಿರುವ ಬಿಂದುಗಳ ನಡುವಿನ ಲೆಕ್ಕದ ದೂರವನ್ನು ಅಳೆದ ದೂರದ ಪಕ್ಕ ಇಟ್ಟು ನೋಡಿ. ಕೆಲವು ಮಿಲಿಮೀಟರ್ ಬದಲು ಮೂರು ನಾಲ್ಕು ಸೆಂಟಿಮೀಟರ್ ಬಂದರೆ ಪ್ರಿಸಂ ಸ್ಥಿರಾಂಕದ (ಪ್ರಿಸಂಗೆ ತಕ್ಕಂತೆ ದೂರಕ್ಕೆ ಸೇರಿಸುವ ತಿದ್ದುಪಡಿ) ಮೇಲೆ ಅನುಮಾನ ಪಡಿ. ಲೈಕಾದ ದುಂಡು ಪ್ರಿಸಂಗೆ ಲೈಕಾ ಉಪಕರಣದಲ್ಲಿ 0 ಹಾಕುತ್ತಾರೆ. ಅದೇ ಪ್ರಿಸಂ ಬೇರೆ ಕಂಪನಿಯ ಉಪಕರಣಕ್ಕೆ ಮೈನಸ್ 34.4 ಮಿಲಿಮೀಟರ್. ಈ ತಪ್ಪಾದರೆ ದೂರ ಹೆಚ್ಚಿರಲಿ ಕಡಿಮೆ ಇರಲಿ, ಎಲ್ಲ ಅಳತೆಗಳಲ್ಲೂ ಒಂದೇ ಪ್ರಮಾಣದ ವ್ಯತ್ಯಾಸ ಕಾಣುತ್ತದೆ. ಹಾಗೆ ಕಂಡರೆ ತಿದ್ದುವುದೂ ಸುಲಭ.

ಮೂರನೆಯದು ಎರಡು ಮುಖದ ಅಳತೆಗಳು. ದೂರದರ್ಶಕವನ್ನು ತಿರುಗಿಸಿ ಮತ್ತೆ ಅದೇ ಗುರಿ ನೋಡಿದ್ದರೆ ಎರಡು ಜೆನಿತ್ ಕೋನಗಳ ಮೊತ್ತ 360° ಆಗಬೇಕು, ಸಮತಲ ಕೋನಗಳ ವ್ಯತ್ಯಾಸ 180° ಆಗಬೇಕು. 88°30'05" ಮತ್ತು 271°29'45" ಬಂದಿದ್ದರೆ ಮೊತ್ತ 359°59'50". ಕೊರತೆಯ ಅರ್ಧ, ಅಂದರೆ 5 ಸೆಕೆಂಡು, ಉಪಕರಣದ ಸೂಚಿ ದೋಷ. ಇದು ಎಲ್ಲ ಜೋಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಚಿಂತೆ ಇಲ್ಲ. ಒಂದು ಜೋಡಿಯಲ್ಲಿ ಮಾತ್ರ ದಿಢೀರನೆ 40 ಸೆಕೆಂಡು ಬಂದರೆ ಅಲ್ಲಿ ಗುರಿ ತಪ್ಪಿದೆ.

ನಾಲ್ಕನೆಯದು ಎತ್ತರಗಳು. ರಾಡ್ ಎತ್ತರ ಬದಲಾದ ಸಾಲುಗಳನ್ನಷ್ಟೇ ಹುಡುಕಿ, ಫೀಲ್ಡ್ ಬುಕ್ ಜೊತೆ ಹೋಲಿಸಿ. ಮೊದಲು ಕೊಟ್ಟ ಉದಾಹರಣೆಯ ತಪ್ಪು ಇಲ್ಲೇ ಸಿಗುವುದು.

ತಪ್ಪು ಸಿಕ್ಕಿತು ಅಂತ ಕಚ್ಚಾ ಸಾಲನ್ನು ಅಳಿಸಿ ಹೊಸದು ಬರೆಯಬೇಡಿ. ಕೆಲಸದ ನಕಲಿನಲ್ಲಿ ತಿದ್ದಿ. ಅದರ ಮೇಲೆ ಒಂದು ಟಿಪ್ಪಣಿ ಸಾಲು ಸೇರಿಸಿ: ಹಳೆಯ ಬೆಲೆ, ಹೊಸ ಬೆಲೆ, ಯಾಕೆ ತಿದ್ದಿದ್ದು, ಯಾವ ದಿನ. ಕಾಗದದ ಫೀಲ್ಡ್ ಬುಕ್‌ನಲ್ಲಿ ತಪ್ಪಾದ ಅಂಕಿಯನ್ನು ರಬ್ಬರ್‌ನಿಂದ ಉಜ್ಜದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯುತ್ತಾರೆ, ಅಲ್ವಾ? ಅದೇ ಶಿಸ್ತು ಇಲ್ಲೂ ಇರಲಿ.

ಜಿಎನ್‌ಎಸ್‌ಎಸ್ ಫೈಲ್‌ಗಳಿಗೆ ಸ್ವಲ್ಪ ಬೇರೆ ಕಣ್ಣು

ರೈನೆಕ್ಸ್ ಅನ್ನುವುದು ಬೇರೆ ಬೇರೆ ಕಂಪನಿಗಳ ರಿಸೀವರ್ ಡೇಟಾವನ್ನು ಒಂದೇ ರೂಪಕ್ಕೆ ತರಲು 1989ರಲ್ಲಿ ಬರ್ನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ. ಟೆಕ್ಸ್ಟ್ ಫೈಲ್ ಆದರೂ ಅಳತೆಯ ಸಾಲುಗಳನ್ನು ಕಣ್ಣಲ್ಲಿ ಓದಿ ಪ್ರಯೋಜನವಿಲ್ಲ. ನೋಡಬೇಕಾದ್ದು ತಲೆಭಾಗ. ಅಲ್ಲಿ ಪ್ರತಿ ಸಾಲಿನ 61ರಿಂದ 80ನೇ ಕಾಲಂನಲ್ಲಿ ಆ ಸಾಲಿನಲ್ಲಿ ಏನಿದೆ ಅಂತ ಬರೆದಿರುತ್ತದೆ. ರಿಸೀವರ್ ಮತ್ತು ಆಂಟೆನಾದ ಮಾದರಿ, ಅಂದಾಜು ಸ್ಥಾನ, ಆಂಟೆನಾ ಎತ್ತರ, ಮೊದಲ ಅಳತೆಯ ಸಮಯ ಇಷ್ಟನ್ನೂ ಫೀಲ್ಡ್ ಬುಕ್ ಜೊತೆ ತಾಳೆ ನೋಡಿ.

ಹೆಚ್ಚು ತಪ್ಪಾಗುವುದು ಆಂಟೆನಾ ಎತ್ತರದಲ್ಲಿ. ಸ್ಥಳದಲ್ಲಿ ಆಂಟೆನಾದ ಅಂಚಿಗೆ ಓರೆಯಾಗಿ ಟೇಪ್ ಹಿಡಿದಿರುತ್ತಾರೆ. ರೈನೆಕ್ಸ್‌ಗೆ ಬೇಕಾದ್ದು ಆಂಟೆನಾದ ತಳದ ಉಲ್ಲೇಖ ಬಿಂದುವಿಗೆ ನೇರ ಲಂಬ ಎತ್ತರ. ಬದಲಾಯಿಸುವ ಸಾಫ್ಟ್‌ವೇರ್‌ಗೆ ಓರೆ ಎತ್ತರ ಅಂತ ಹೇಳದಿದ್ದರೆ ಅದು ಹಾಗೇ ಒಳಗೆ ಹೋಗುತ್ತದೆ. ಅದಕ್ಕೇ ರೈನೆಕ್ಸ್ ಮಾಡಿದ ಮೇಲೂ ಕಂಪನಿಯ ಮೂಲ ಬೈನರಿ ಫೈಲ್ ಬಿಸಾಡಬಾರದು. ಬೈನರಿಯೇ ಮೂಲ, ರೈನೆಕ್ಸ್ ಅದರ ಅನುವಾದ. ಹಾಗಂತ ಬೈನರಿ ಒಂದನ್ನೇ ನಂಬಿ ಕೂರುವುದೂ ಬೇಡ. ಹತ್ತು ಹದಿನೈದು ವರ್ಷ ಬಿಟ್ಟು ಅದನ್ನು ಓದುವ ಸಾಫ್ಟ್‌ವೇರ್ ಸಿಗದೇ ಹೋಗಬಹುದು. ಎರಡೂ ಇರಲಿ.

ಸಮಯದ ವಿಚಾರದಲ್ಲೂ ಗೊಂದಲ ಬೇಡ. ಜಿಪಿಎಸ್ ಸಮಯ 2017ರ ಜನವರಿ 1ರಿಂದ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳ ಪ್ರಮಾಣ ಸಮಯ) 18 ಸೆಕೆಂಡು ಮುಂದೆ ಇದೆ. ಕಲೆಕ್ಟರ್‌ನ ಗಡಿಯಾರ ಸ್ಥಳೀಯ ಸಮಯ ತೋರಿಸುತ್ತದೆ. ಎರಡು ಫೈಲ್‌ಗಳ ಸಮಯ ಹೊಂದುವುದಿಲ್ಲ ಅಂತ ಗಾಬರಿಯಾಗುವ ಮುಂಚೆ ಯಾವುದು ಯಾವ ಗಡಿಯಾರ ಅಂತ ನೋಡಿ.

ಹಂತ 5: ಪ್ರಿಂಟ್

ಎಲ್ಲವನ್ನೂ ಪ್ರಿಂಟ್ ತೆಗೆಯಬೇಕಾ? ಟೋಟಲ್ ಸ್ಟೇಷನ್ ಫೈಲ್ ಆದರೆ ತೆಗೆಯಬಹುದು. ರೈನೆಕ್ಸ್ ಆದರೆ ಖಂಡಿತ ಬೇಡ. ಸೆಕೆಂಡಿಗೊಂದು ಅಳತೆಯಂತೆ ಒಂದು ದಿನಕ್ಕೆ 86,400 ಅಳತೆ, ಪ್ರತಿ ಅಳತೆಗೂ ಹತ್ತಾರು ಸಾಲು. ಅದರ ತಲೆಭಾಗದ ಒಂದೆರಡು ಪುಟ ಸಾಕು.

ಪ್ರಿಂಟ್‌ನಲ್ಲಿ ಕಾಲಂಗಳು ಒಂದರ ಕೆಳಗೊಂದು ನಿಲ್ಲಬೇಕು. ಅದಕ್ಕೆ ಕೊರಿಯರ್, ಕನ್ಸೋಲಾಸ್ ಥರ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್ ಬೇಕೇ ಬೇಕು. ಕೊರಿಯರ್‌ನಲ್ಲಿ 10 ಪಾಯಿಂಟ್ ಇಟ್ಟರೆ ಒಂದು ಅಕ್ಷರದ ಅಗಲ 6 ಪಾಯಿಂಟ್. 80 ಅಕ್ಷರದ ಸಾಲು 480 ಪಾಯಿಂಟ್ ಆಗುತ್ತದೆ, ಸುಮಾರು 169 ಮಿಲಿಮೀಟರ್. ಎ4 ಕಾಗದದ ಅಗಲ 210 ಮಿಲಿಮೀಟರ್. ಎರಡೂ ಕಡೆ 20 ಮಿಲಿಮೀಟರ್ ಅಂಚು ಬಿಟ್ಟು ಸರಿಯಾಗಿ ಕೂರುತ್ತದೆ. ಅದಕ್ಕಿಂತ ಉದ್ದದ ಸಾಲುಗಳಿದ್ದರೆ ಕಾಗದವನ್ನು ಅಡ್ಡ ಮಾಡಿ, 9 ಪಾಯಿಂಟ್‌ಗೆ ಇಳಿಸಿ. ಆಗ 130 ಅಕ್ಷರ ಆರಾಮವಾಗಿ ಹಿಡಿಸುತ್ತದೆ. ಅದಕ್ಕೂ ಮೀರಿದ ಟಿಪ್ಪಣಿ ಸಾಲು ಮಡಚಿಕೊಂಡರೆ ಮಡಚಿಕೊಳ್ಳಲಿ, ಆದರೆ ಪುಟದ ಅಂಚಿನಲ್ಲಿ ಕತ್ತರಿಸಿ ಹೋಗಬಾರದು. ಮೊದಲ ಪುಟ ಮಾತ್ರ ತೆಗೆದು ಬಲಗಡೆಯ ಅಂಚನ್ನು ನೋಡಿ, ಆಮೇಲೆ ಉಳಿದದ್ದು ಬಿಡಿ.

ಒಂದು ಪುಟಕ್ಕೆ ಸುಮಾರು 60 ಸಾಲು ಹಿಡಿಯುತ್ತದೆ. 6,000 ಸಾಲಿನ ಫೈಲ್ ಅಂದರೆ 100 ಪುಟ. ಕಾಗದ ಜಾಸ್ತಿ ಅನಿಸಿದರೆ ಪೂರ್ತಿ ಫೈಲ್ ಅನ್ನು ಪಿಡಿಎಫ್ ಮಾಡಿ, ನಿಯಂತ್ರಣ ಬಿಂದುಗಳು (ಸ್ಥಾನ ಮೊದಲೇ ಗೊತ್ತಿರುವ ಆಧಾರ ಬಿಂದುಗಳು) ಮತ್ತು ಟ್ರಾವರ್ಸ್ ಇರುವ ಭಾಗವನ್ನಷ್ಟೇ ಕಾಗದಕ್ಕೆ ಇಳಿಸಿ.

ಪುಟದ ಮೇಲ್ಭಾಗದಲ್ಲಿ ಫೈಲ್ ಹೆಸರು, ಕೆಳಗೆ 'ಪುಟ 7 / 100' ಅನ್ನುವಂತೆ ಪುಟ ಸಂಖ್ಯೆ, ಎಡಕ್ಕೆ ಸಾಲು ಸಂಖ್ಯೆ ಬರುವಂತೆ ಮಾಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಪ್ರಿಂಟ್ ಸೆಟ್ಟಿಂಗ್‌ನಲ್ಲೇ ಇದಕ್ಕೆ ಜಾಗ ಇದೆ. ಸಾಲು ಸಂಖ್ಯೆ ಇದ್ದರೆ ಫೋನಿನಲ್ಲಿ '412ನೇ ಸಾಲು ನೋಡಿ' ಅನ್ನಬಹುದು. ಮೊದಲ ಪುಟದಲ್ಲಿ ಹ್ಯಾಶ್‌ನ ಪೂರ್ತಿ 64 ಅಕ್ಷರ, ಉಪಕರಣದ ಸೀರಿಯಲ್ ಸಂಖ್ಯೆ, ಅಳತೆಯ ಮಾನ, ಕೋನದ ಪದ್ಧತಿ, ಸರ್ವೆ ಮಾಡಿದವರ ಹೆಸರು, ಪ್ರಿಂಟ್ ತೆಗೆದ ದಿನ ಇರಲಿ. ಹೀಗಿದ್ದರೆ ಕಾಗದ ಮತ್ತು ಫೈಲ್ ಒಂದಕ್ಕೊಂದು ಸಾಕ್ಷಿಯಾಗುತ್ತವೆ.

ಲೆಕ್ಕ ಮಾಡಿದ ವರದಿಯನ್ನು ಕಚ್ಚಾ ಪಟ್ಟಿಯ ಜೊತೆ ಬೆರೆಸಬೇಡಿ, ಬೇರೆಯಾಗಿಯೇ ಪ್ರಿಂಟ್ ತೆಗೆಯಿರಿ. ಪಿಡಿಎಫ್ ಇಡುವುದಾದರೆ ಪಿಡಿಎಫ್/ಎ ಆರಿಸಿ. ದೀರ್ಘಕಾಲ ಇಡಲೆಂದೇ ಮಾಡಿದ ರೂಪ ಅದು, ಫಾಂಟ್ ಕೂಡ ಫೈಲ್‌ನ ಒಳಗೇ ಇರುತ್ತದೆ. ಕಾಗದಕ್ಕಾದರೆ ಲೇಸರ್ ಪ್ರಿಂಟ್ ಮೇಲು. ಇಂಕ್‌ಜೆಟ್‌ನ ಎಷ್ಟೋ ಶಾಯಿಗಳು ನೀರು ತಾಗಿದರೆ ಹರಡುತ್ತವೆ. ಥರ್ಮಲ್ ಪ್ರಿಂಟ್ ತಾನಾಗಿಯೇ ಮಾಸಿಹೋಗುತ್ತದೆ.

ಹಂತ 6: ಬ್ಯಾಕಪ್

ಮೂರು ನಕಲು, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ಎಲ್ಲರಿಗೂ ಗೊತ್ತಿರುವ 3-2-1 ಸೂತ್ರ ಇದು. ಸರ್ವೆಗೆ ಇದರ ಮೇಲೆ ಇನ್ನೆರಡು ಮಾತು ಸೇರಿಸಬೇಕು.

ಮೊದಲನೆಯದು, ಕ್ಲೌಡ್ ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಇಲ್ಲಿ ಫೈಲ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಅಲ್ಲೂ ಕೆಟ್ಟ ನಕಲೇ ಕೂರುತ್ತದೆ. ಸಿಂಕ್ ಬಳಸುವುದಾದರೆ ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಇಡುತ್ತದೆ ಅಂತ ನೋಡಿಕೊಳ್ಳಿ. ಒಂದು ನಕಲಾದರೂ ಕಂಪ್ಯೂಟರ್‌ಗೆ ಜೋಡಿಸದ ಡಿಸ್ಕ್‌ನಲ್ಲಿ ಇರಬೇಕು. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ನುಗ್ಗಿದರೆ ಜೋಡಿಸಿಟ್ಟಿರುವ ಎಲ್ಲ ಡಿಸ್ಕ್‌ಗಳನ್ನೂ ಅದು ಮುಟ್ಟಬಲ್ಲದು. ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿ ಸಾಗಿಸಲು ಸರಿ, ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಇಡಲು ಅಲ್ಲ. ವಿದ್ಯುತ್ ಇಲ್ಲದೆ ಬಹಳ ಕಾಲ ಬಿದ್ದಿದ್ದರೆ ಅವುಗಳಲ್ಲಿನ ಡೇಟಾ ಸೋರಿಹೋಗುತ್ತದೆ.

ಎರಡನೆಯದು, ಕಚ್ಚಾ ಫೈಲ್ ಒಂದನ್ನೇ ಇಟ್ಟರೆ ಅರ್ಧ ಮಾತ್ರ ಇಟ್ಟ ಹಾಗೆ. ಅದೇ ಫೋಲ್ಡರ್‌ಗೆ ಇವನ್ನೂ ಹಾಕಿ: ಬಳಸಿದ ನಿಯಂತ್ರಣ ಬಿಂದುಗಳ ಪಟ್ಟಿ ಮತ್ತು ಅದು ಎಲ್ಲಿಂದ ಬಂತು, ನಿರ್ದೇಶಾಂಕ ಪದ್ಧತಿಯ ಹೆಸರು, ಸ್ಥಳೀಯ ಹೊಂದಾಣಿಕೆಯ ಫೈಲ್, ಇಜಿಎಂ2008 ಥರ ಯಾವ ಜಿಯಾಯ್ಡ್ ಮಾದರಿ (ಉಪಗ್ರಹದ ಎತ್ತರವನ್ನು ಸಮುದ್ರಮಟ್ಟದ ಎತ್ತರಕ್ಕೆ ತರುವುದು) ಬಳಸಿದ್ದು, ಕೋಡ್‌ಗಳ ಪಟ್ಟಿ, ಫೀಲ್ಡ್ ಬುಕ್‌ನ ಸ್ಕ್ಯಾನ್, ಸ್ಥಳದ ಫೋಟೊ, ಉಪಕರಣದ ಕ್ಯಾಲಿಬ್ರೇಷನ್ ಪತ್ರ. ಇದೆಲ್ಲದರ ಬಗ್ಗೆ ಒಂದು ಪುಟದ ಸಾದಾ ಟೆಕ್ಸ್ಟ್ ಟಿಪ್ಪಣಿ ಬರೆದಿಡಿ. ಈ ಟಿಪ್ಪಣಿ ಬರೆಯಲು ಹತ್ತು ನಿಮಿಷ ಸಾಕು, ಆದರೂ ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ ಇದೇ.

ಬೈನರಿ ಜಾಬ್ ಫೈಲ್ ಇದ್ದರೆ ಅದರಿಂದ ತೆಗೆದ ಟೆಕ್ಸ್ಟ್ ರೂಪವೂ ಪಕ್ಕದಲ್ಲಿರಲಿ. ಜಿಪ್ ಮಾಡಬಹುದು, ಆದರೆ ಮೂಲ ಫೈಲ್‌ಗಳ ಹ್ಯಾಶ್ ಪಟ್ಟಿ ಜಿಪ್‌ನ ಒಳಗೂ ಹೊರಗೂ ಇರಲಿ. ಪಾಸ್‌ವರ್ಡ್ ಹಾಕುವುದಾದರೆ ಅದು ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು.

ಫೈಲ್‌ನ ದಿನಾಂಕವನ್ನು ಸಾಕ್ಷಿ ಅಂತ ನಂಬಬೇಡಿ. ನಕಲು ಮಾಡಿದಾಗ 'ಸೃಷ್ಟಿಯಾದ ದಿನ' ಬದಲಾಗುತ್ತದೆ. ಮೆಮೊರಿ ಕಾರ್ಡ್‌ಗಳ ಫ್ಯಾಟ್ ಪದ್ಧತಿಯಲ್ಲಿ ಬದಲಾವಣೆಯ ಸಮಯ ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ದಾಖಲಾಗುತ್ತದೆ, ಯಾವ ವಲಯದ ಸಮಯ ಅನ್ನುವುದೂ ಅದರಲ್ಲಿ ಇರುವುದಿಲ್ಲ. ಸರ್ವೆಯ ಸಮಯಕ್ಕೆ ಫೈಲ್‌ನ ಒಳಗಿನ ದಾಖಲೆಯನ್ನೇ ನೋಡಿ.

ಹಂತ 7: ವಾಪಸ್ ತಂದು ನೋಡಿ, ಆಮೇಲೆ ಉಪಕರಣ ಖಾಲಿ ಮಾಡಿ

ಬ್ಯಾಕಪ್ ಆಯಿತು ಅಂತ ಪರದೆ ಹೇಳಿದ್ದು ಸಾಲದು. ಬೇರೆ ಕಂಪ್ಯೂಟರ್‌ನಲ್ಲಿ, ಬೇರೆ ಫೋಲ್ಡರ್‌ಗೆ ಬ್ಯಾಕಪ್‌ನಿಂದ ಫೈಲ್ ವಾಪಸ್ ತನ್ನಿ. ಹ್ಯಾಶ್ ತೆಗೆದು ಮೊದಲಿನದರ ಜೊತೆ ಹೋಲಿಸಿ. ಹೊಂದಿದರೆ ಫೈಲ್ ಅನ್ನು ಸಾಫ್ಟ್‌ವೇರ್‌ನಲ್ಲಿ ತೆರೆದು ಯಾವುದಾದರೂ ಒಂದು ಬಿಂದುವಿನ ಮಟ್ಟವನ್ನು ಕ್ಯಾಲ್ಕ್ಯುಲೇಟರ್‌ನಲ್ಲಿ ಲೆಕ್ಕ ಮಾಡಿ. ಪಟ್ಟಿಯಲ್ಲಿರುವ ಮಟ್ಟವೇ ಬಂದರೆ ಫೈಲ್ ಮಾತ್ರವಲ್ಲ, ಅದರ ಜೊತೆಗಿಟ್ಟ ಸ್ಟೇಷನ್ ಮಟ್ಟವೂ ಎತ್ತರಗಳೂ ಸರಿಯಾಗಿ ಬಂದಿವೆ ಅಂತ ಅರ್ಥ. ವರ್ಷಕ್ಕೊಮ್ಮೆ ಹಳೆಯ ಜಾಬ್‌ಗಳಲ್ಲಿ ಕೆಲವನ್ನು ಆರಿಸಿ ಇದನ್ನೇ ಮಾಡಿ. ಹಾಗೇ ಐದಾರು ವರ್ಷಕ್ಕೊಮ್ಮೆ ಡಿಸ್ಕ್‌ಗಳನ್ನು ಬದಲಾಯಿಸಿ ಹೊಸದಕ್ಕೆ ನಕಲು ಹಾಕಿ.

ಕಲೆಕ್ಟರ್‌ನ ಮೆಮೊರಿ ತುಂಬಿದೆ, ಜಾಬ್ ಅಳಿಸಬೇಕು ಅನ್ನುವ ಅವಸರ ಎಲ್ಲರಿಗೂ ಇರುತ್ತದೆ. ಮೂರು ನಕಲುಗಳ ಹ್ಯಾಶ್ ಹೊಂದುವವರೆಗೆ, ಒಂದನ್ನಾದರೂ ವಾಪಸ್ ತಂದು ತೆರೆಯುವವರೆಗೆ ಅಳಿಸಬೇಡಿ. ಅಳಿಸುವಾಗ ಜಾಬ್ ಒಂದನ್ನೇ ಆರಿಸಿ, ಇಡೀ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ನಿಯಂತ್ರಣ ಬಿಂದುಗಳ ಫೈಲ್, ಕೋಡ್ ಪಟ್ಟಿ, ಜಿಯಾಯ್ಡ್ ಫೈಲ್ ಎಲ್ಲ ಅದೇ ಕಾರ್ಡ್‌ನಲ್ಲಿ ಇರುತ್ತವೆ, ನಾಳೆ ಬೆಳಗ್ಗೆ ಸ್ಥಳದಲ್ಲಿ ಅವು ಬೇಕಾಗುತ್ತವೆ.